ಮೊಬೈಲ್ ರಿಪೇರಿ ಮಾಡುವುದಿಲ್ಲ, ಆಪ್ ಮಾಡುತ್ತೇನೆ

(ಈ ಸಲದ ಪ್ರಶ್ನೋತ್ತರಕ್ಕೆ ಸಾಗರದಲ್ಲಿ ಕೂತು ಸ್ವಂತವಾಗಿ ಮೊಬೈಲ್ ಆಪ್ ಮಾಡಿಕೊಡುವ ಒಬ್ಬರನ್ನು ಹಿಡಿದು ತಂದಿದ್ದೇವೆ. "ನಾಲ್ಕು ಗಿರಾಕಿ ಸಿಗುವ ಹಾಗೆ ನನ್ನ ಬಗ್ಗೆ ನಾನೇ ಬರೆದುಕೊಳ್ಳಬಹುದಾ?" ಎಂದು ಕೇಳಿದರು. ಬರೆದುಕೊಳ್ಳಿ, ಆದರೆ ಓದುಗರು ಕೇಳಿದ್ದಕ್ಕೆ ಉತ್ತರ ಕೊಡುತ್ತಾ ಬರೆದುಕೊಳ್ಳಬೇಕು ಎಂದೆವು. – ಸಂ.)

ಮೊದಲು ನೀವು ಯಾರು ಅಂತ ನಾಲ್ಕು ಸಾಲಿನಲ್ಲಿ ಹೇಳಿ ಸರ್. – ಓದುಗರು, ಹಾಸನ

ನಾಲ್ಕು ಸಾಲಿನಲ್ಲಿ ಮುಗಿಸುವ ಅಭ್ಯಾಸ ಇದ್ದಿದ್ದರೆ ನಾನು ಇಷ್ಟೊತ್ತಿಗೆ ಒಳ್ಳೆಯ ಪ್ರೋಗ್ರಾಮರ್ ಆಗಿರುತ್ತಿದ್ದೆ. ಇರಲಿ. ವಯಸ್ಸು 36. ಬೆಂಗಳೂರಿನ ಹೊರವರ್ತುಲ ರಸ್ತೆಯ ಒಂದು ಕಂಪನಿಯಲ್ಲಿ ಆರು ವರ್ಷ ಕೆಲಸ ಮಾಡಿದೆ, ಅದರಲ್ಲಿ ಒಂದೂವರೆ ವರ್ಷ ಬೆಳ್ಳಂದೂರಿನ ಟ್ರಾಫಿಕ್‌ನಲ್ಲೇ ಕಳೆದಿರಬೇಕು. 2021ರಲ್ಲಿ ಊರಿಗೆ ಬಂದೆ. ಉಪ್ಪರಿಗೆಯಲ್ಲಿ ಅಡಿಕೆ ಚೀಲ ಇಡುತ್ತಿದ್ದ ಕೋಣೆಯೇ ಈಗ ಆಫೀಸು. ಮಳೆಗಾಲದಲ್ಲಿ ಕರೆಂಟು ಹೋದರೆ ಯುಪಿಎಸ್ ಇದೆ, ಯುಪಿಎಸ್ ಕೈಕೊಟ್ಟರೆ ನಿದ್ದೆ ಇದೆ.

ಫ್ಲಟರ್ ಎಂಬುದರಲ್ಲಿ ಆಪ್ ಬರೆಯುತ್ತೇನೆ. ಒಮ್ಮೆ ಬರೆದರೆ ಆಂಡ್ರಾಯ್ಡ್‌ಗೂ ಆಗುತ್ತದೆ, ಐಫೋನ್‌ಗೂ ಆಗುತ್ತದೆ. ಮಂಡಿ, ಟ್ಯೂಷನ್, ಕ್ಲಿನಿಕ್, ಕಲ್ಯಾಣಮಂಟಪ, ಹೀಗೆ ಸಣ್ಣ ವ್ಯವಹಾರದವರೇ ನನ್ನ ಗಿರಾಕಿಗಳು.

ಅಮ್ಮನಿಗೆ ನನ್ನ ಕೆಲಸ ಏನೆಂದು ಮೂರು ಸಲ ವಿವರಿಸಿದ್ದೇನೆ. ಮೂರನೇ ಸಲ ಅವಳು ಚೆನ್ನಾಗಿ ಅರ್ಥವಾದವಳ ಹಾಗೆ ತಲೆ ಆಡಿಸಿ, ಪಕ್ಕದ ಮನೆಯವರಿಗೆ "ಮಗ ಮೊಬೈಲ್ ಕೆಲಸ ಮಾಡ್ತಾನೆ" ಎಂದು ಹೇಳಿದಳು. ಅವತ್ತಿನಿಂದ ಡಿಸ್‌ಪ್ಲೇ ಒಡೆದ ಫೋನು, ಸ್ಪೀಕರ್ ಗೊರಗೊರ ಅನ್ನುವ ಫೋನು, ತೋಟದ ಹೊಂಡಕ್ಕೆ ಬಿದ್ದ ಫೋನು ಎಲ್ಲವೂ ನಮ್ಮ ಜಗಲಿಗೆ ಬರುತ್ತವೆ. ಮೊದಮೊದಲು ಬೇಜಾರಾಗುತ್ತಿತ್ತು. ಈಗ ಒಂದು ಸಣ್ಣ ಸ್ಕ್ರೂಡ್ರೈವರ್ ಸೆಟ್ ತಂದಿಟ್ಟುಕೊಂಡಿದ್ದೇನೆ. ಇದು ನಮ್ಮಲ್ಲೇ ಇರಲಿ.

ನನ್ನ ಹತ್ತಿರ ಒಂದು ಭಾರಿ ಐಡಿಯಾ ಇದೆ. ಆದರೆ ಹೇಳಿದರೆ ನೀವೇ ಮಾಡಿಬಿಟ್ಟರೆ? – ಓದುಗರು, ಬೆಂಗಳೂರು

ಗುಟ್ಟು ಕಾಪಾಡುವ ಒಪ್ಪಂದಕ್ಕೆ ಸಹಿ ಹಾಕಿಸಿಕೊಳ್ಳಿ, ನನ್ನದೇನೂ ತಕರಾರಿಲ್ಲ. ಇಲ್ಲಿಯವರೆಗೆ ಹನ್ನೊಂದು ಸಲ ಹಾಕಿದ್ದೇನೆ. ಸಹಿ ಒಣಗಿದ ಮೇಲೆ ಬಾಗಿಲು ಹಾಕಿ, ದನಿ ತಗ್ಗಿಸಿ ಹೇಳಿದ ಐಡಿಯಾಗಳಲ್ಲಿ ಏಳು "ಸ್ವಿಗ್ಗಿ ತರಹ, ಆದರೆ ನಮ್ಮೂರಿಗೆ" ಅಂತಿದ್ದವು. ಎರಡು ಮದುವೆ ಸಂಬಂಧ ಹುಡುಕುವ ಆಪ್. ಒಂದು ಇನ್ನೂ ನನಗೆ ಅರ್ಥವಾಗಿಲ್ಲ, ಹಾಗಾಗಿ ಅದು ಪೂರ್ತಿ ಸುರಕ್ಷಿತ. ಉಳಿದ ಒಂದನ್ನು ಮಾಡಿಕೊಟ್ಟೆ, ನಡೆಯುತ್ತಿದೆ.

ಒಂದು ವಿಷಯ ತಿಳಿದಿರಲಿ. ಬರೀ ಐಡಿಯಾಕ್ಕೆ ಕೃತಿಸ್ವಾಮ್ಯ ಸಿಗುವುದಿಲ್ಲ, ಬರೆದು ರೂಪ ಕೊಟ್ಟದ್ದಕ್ಕೆ ಸಿಗುತ್ತದೆ. ಬರೀ ಕಂಪ್ಯೂಟರ್ ಪ್ರೋಗ್ರಾಮಿಗೆ ನಮ್ಮ ದೇಶದಲ್ಲಿ ಪೇಟೆಂಟೂ ಕೊಡುವುದಿಲ್ಲ. ಇನ್ನು ನಾನೇ ಕದ್ದು ಮಾಡುವ ಮಾತು. ಅದಕ್ಕೆ ನಾನು ಪ್ರತಿದಿನ ಹತ್ತಾರು ಹೋಟೆಲಿನವರ ಹತ್ತಿರ ಮಾತಾಡಬೇಕು, ಡೆಲಿವರಿ ಹುಡುಗರನ್ನು ಹುಡುಕಬೇಕು, ಸಾಂಬಾರ್ ಚೆಲ್ಲಿದ್ದಕ್ಕೆ ಬೈಸಿಕೊಳ್ಳಬೇಕು. ಮನುಷ್ಯರ ಹತ್ತಿರ ಅಷ್ಟೆಲ್ಲ ಮಾತಾಡುವ ಹಾಗಿದ್ದರೆ ನಾನು ಯಾಕೆ ಈ ಕೆಲಸಕ್ಕೆ ಬರುತ್ತಿದ್ದೆ ಹೇಳಿ?

ನಮ್ಮದು ಅಯ್ಯಂಗಾರ್ ಬೇಕರಿ. ದಿನಕ್ಕೆ ಮೂವತ್ತು ನಲವತ್ತು ಆರ್ಡರ್ ಫೋನಿನಲ್ಲೇ ಬರುತ್ತವೆ. ಮಗ ಆಪ್ ಮಾಡಿಸೋಣ ಅಂತಾನೆ. ಎಷ್ಟಾಗುತ್ತದೆ? – ಓದುಗರು, ಅರಸೀಕೆರೆ

ಸೊನ್ನೆ ರೂಪಾಯಿ. ನಿಮಗೆ ಆಪ್ ಬೇಡ.

ವಾಟ್ಸ್ಆಪ್ ಬಿಸಿನೆಸ್ ಎಂಬ ಆಪ್ ಇದೆ, ಪುಕ್ಕಟೆ. ಅದರಲ್ಲಿ ಕ್ಯಾಟಲಾಗ್ ಅಂತ ಇರುತ್ತದೆ. ಖಾರ ಬನ್ನು, ದಿಲ್‌ಪಸಂದ್, ಹನಿ ಕೇಕ್ ಎಲ್ಲದರ ಫೋಟೋ ತೆಗೆದು ಬೆಲೆ ಹಾಕಿ. ಯುಪಿಐ ಕ್ಯೂಆರ್ ಹೇಗೂ ಗಲ್ಲಾದ ಪಕ್ಕದಲ್ಲಿ ಅಂಟಿಸಿರುತ್ತೀರಿ, ಅದರ ಚಿತ್ರವನ್ನೇ ಕಳಿಸಿ. ಮಗನಿಗೆ ಒಂದು ಭಾನುವಾರದ ಕೆಲಸ. ಜನ ತಮ್ಮ ಫೋನಿನಲ್ಲಿ ಹೊಸ ಆಪ್ ಹಾಕಿಕೊಳ್ಳುವುದು ತೀರಾ ಬೇಕಾದಾಗ ಮಾತ್ರ, ಅರ್ಧ ಕೆಜಿ ಕೇಕಿಗೆ ಯಾರೂ ಹಾಕಿಕೊಳ್ಳುವುದಿಲ್ಲ. ದಿನಕ್ಕೆ ಮುನ್ನೂರು ಆರ್ಡರ್ ಬಂದು, ಯಾವುದು ಎಲ್ಲಿಗೆ ಹೋಯಿತು ಅಂತ ಗೊತ್ತಾಗದೆ ನೀವೂ ಮಗನೂ ಜಗಳ ಆಡುವ ಕಾಲ ಬಂದಾಗ ಫೋನ್ ಮಾಡಿ. ಬರುವಾಗ ಖಾರ ಬನ್ನು ತನ್ನಿ.

ಬರುವ ಗಿರಾಕಿಯನ್ನು ವಾಪಸ್ ಕಳಿಸುವುದರಲ್ಲಿ ನನಗೆ ವಿಶೇಷ ಪ್ರತಿಭೆ ಇದೆ ಎಂದು ಹೆಂಡತಿ ಹೇಳುತ್ತಾಳೆ. ಹೊಗಳಿಕೆ ಇರಲಿಕ್ಕಿಲ್ಲ.

ಬೆಂಗಳೂರಿನವರು 8 ಲಕ್ಷ ಅಂದರು. ನಮ್ಮ ಓಣಿಯ ಹುಡುಗ 8 ಸಾವಿರ ಅಂತಾನೆ. ನಿಮ್ಮ ರೇಟು ಹೇಳಿ. – ಓದುಗರು, ಹುಬ್ಬಳ್ಳಿ

ಇಬ್ಬರೂ ಸುಳ್ಳು ಹೇಳಿರಲಿಕ್ಕಿಲ್ಲ ಸರ್. ಇಬ್ಬರೂ ಬೇರೆ ಬೇರೆ ಕೆಲಸಕ್ಕೆ ಬೆಲೆ ಹೇಳಿದ್ದಾರೆ, ನೀವು ಇಬ್ಬರಿಗೂ ಅರ್ಧರ್ಧ ಹೇಳಿದ್ದೀರಿ, ಅಷ್ಟೇ. ಮನೆ ಕಟ್ಟಿಸುವವರು ಮೇಸ್ತ್ರಿಗೆ "ಒಂದು ಮನೆ ಎಷ್ಟು?" ಎಂದು ಕೇಳುವುದಿಲ್ಲ. ಆಪಿಗೆ ಮಾತ್ರ ಎಲ್ಲರೂ ಹಾಗೇ ಕೇಳುತ್ತಾರೆ.

ನಾನು ದಿನದ ಲೆಕ್ಕದಲ್ಲಿ ಹೇಳುತ್ತೇನೆ. ದಿನ ಎಲ್ಲಿಗೆ ಹೋಗುತ್ತದೆ ಅನ್ನುವುದಕ್ಕೆ ಒಂದೇ ಉದಾಹರಣೆ ಸಾಕು. "ಫೋನ್ ನಂಬರ್ ಹಾಕಿದರೆ ಓಟಿಪಿ ಬರಬೇಕು, ಅಷ್ಟೇ, ಸಿಂಪಲ್ ಲಾಗಿನ್" ಎಂದು ನೀವು ಹೇಳುತ್ತೀರಿ. ನಾನು ಪರದೆ ಮೇಲೆ ಎರಡು ಡಬ್ಬಿ, ಒಂದು ಬಟನ್ ಇಡುತ್ತೇನೆ. ಅರ್ಧ ಗಂಟೆ. ಆಮೇಲೆ ಶುರು. ನಮ್ಮ ದೇಶದಲ್ಲಿ ವ್ಯವಹಾರದ ಎಸ್‌ಎಂಎಸ್ ಕಳಿಸಬೇಕೆಂದರೆ ಟ್ರಾಯ್ (ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ) ನಿಯಮದಂತೆ ಡಿಎಲ್‌ಟಿ ಎಂಬ, ಟೆಲಿಕಾಂ ಕಂಪನಿಗಳ ನೋಂದಣಿ ತಾಣದಲ್ಲಿ ನಿಮ್ಮ ಸಂಸ್ಥೆಯ ಹೆಸರು ನೋಂದಾಯಿಸಬೇಕು, ಕಳಿಸುವವರ ಹೆಸರಿನ ಆರು ಅಕ್ಷರವನ್ನು ಒಪ್ಪಿಸಿಕೊಳ್ಳಬೇಕು, ಮೆಸೇಜಿನ ಮಾತು ಹೀಗೇ ಇರುತ್ತದೆ ಅಂತ ಅದನ್ನೂ ಮುಂಚೆಯೇ ಮಂಜೂರು ಮಾಡಿಸಬೇಕು, ಮಂಜೂರಾದ ಮೇಲೆ ಒಂದು ಚುಕ್ಕೆ ಆಚೀಚೆ ಆದರೂ ಮೆಸೇಜ್ ಹೋಗದೆ ನಿಂತುಬಿಡಬಹುದು. ಅದು ಮುಗಿಯಿತು ಅನ್ನುವಾಗ ಗೂಗಲ್, ಆಪಲ್ ಇಬ್ಬರೂ ಕೇಳುತ್ತಾರೆ: ಖಾತೆ ತೆರೆಯಲು ದಾರಿ ಮಾಡಿದ್ದೀಯಲ್ಲ, ಅಳಿಸಲು ದಾರಿ ಎಲ್ಲಪ್ಪಾ? ಅದನ್ನೂ ಮಾಡಬೇಕು. ಓಟಿಪಿ ಬರದಿದ್ದರೆ? ಎರಡು ಸಲ ಬಂದರೆ? ಫೋನ್ ಬದಲಾಯಿಸಿದರೆ? ಓಣಿಯ ಹುಡುಗ ಆ ಅರ್ಧ ಗಂಟೆಗೆ ಬೆಲೆ ಹೇಳಿದ್ದಾನೆ. ಒಳ್ಳೆಯ ಹುಡುಗ, ಬೈಯಬೇಡಿ. ಹತ್ತು ವರ್ಷದ ಹಿಂದೆ ನಾನೂ ಅವನೇ.

ಇನ್ನು, ನನ್ನ ವರ್ಷದ ವಹಿವಾಟು 20 ಲಕ್ಷ ದಾಟಿಲ್ಲ, ಹಾಗಾಗಿ ಜಿಎಸ್‌ಟಿ ನೋಂದಣಿ ಕಡ್ಡಾಯ ಇಲ್ಲ, ಬಿಲ್ಲಿನಲ್ಲಿ 18% ಸೇರಿಸುವುದಿಲ್ಲ. ಇದನ್ನು ನೀವು ನನ್ನ ಬಡತನ ಎಂದಾದರೂ ತಿಳಿಯಿರಿ, ಡಿಸ್ಕೌಂಟ್ ಎಂದಾದರೂ ತಿಳಿಯಿರಿ.

ಕೆಲಸ ಶುರು ಮಾಡುವ ಮೊದಲೇ ಮುಂಗಡ ಯಾಕೆ ಕೇಳುತ್ತೀರಿ? ನಂಬಿಕೆ ಇಲ್ಲವಾ? – ಓದುಗರು, ತುಮಕೂರು

ನಂಬಿಕೆ ಇದೆ. ಅಕ್ಕಿ ಅಂಗಡಿಯವರಿಗೆ ಇಲ್ಲ.

ನಮ್ಮೂರಿನ ಅಡಿಕೆ ಮಂಡಿ ಯಜಮಾನರೊಬ್ಬರೂ ಇದನ್ನೇ ಕೇಳಿದ್ದರು. ಕೇಳುವಾಗ ಅವರ ಎದುರಿಗೆ ಒಬ್ಬ ಬೆಳೆಗಾರರು ಕೂತಿದ್ದರು, ಇನ್ನೂ ಕೊಯ್ಲಾಗದ ಅಡಿಕೆಗೆ ಮುಂಗಡ ತೆಗೆದುಕೊಳ್ಳಲು ಬಂದವರು. ಯಜಮಾನರು ನೋಟು ಎಣಿಸುತ್ತಾ ನನ್ನ ಕಡೆ ನೋಡಿದರು. ನಾನು ನೋಟಿನ ಕಡೆ ನೋಡಿದೆ. ಬೆಳೆಗಾರರು ಇಬ್ಬರನ್ನೂ ನೋಡಿದರು. "ಆಯ್ತು ಮಾಣಿ, ಅರ್ಥ ಆಯ್ತು" ಎಂದರು. ಮೂರನೇ ಒಂದು ಭಾಗ ಅವತ್ತೇ ಸಿಕ್ಕಿತು. ಇನ್ನೊಂದು ಭಾಗ ಅವರ ಫೋನಿನಲ್ಲಿ ಆಪ್ ಓಡುವಾಗ, ಉಳಿದದ್ದು ಸ್ಟೋರಿಗೆ ಹಾಕುವಾಗ. ಈಗ ಎಲ್ಲರಿಗೂ ಅದೇ ಪದ್ಧತಿ.

ಈಗ ಎಐ ಎಲ್ಲಾ ಬರೆದುಕೊಡುತ್ತದಲ್ಲ ಅಣ್ಣ, ನೀವು ಯಾಕೆ ಬೇಕು? – ವಿದ್ಯಾರ್ಥಿ, ಮಂಗಳೂರು

ಒಳ್ಳೆಯ ಪ್ರಶ್ನೆ ತಮ್ಮಾ, ನಾನೂ ರಾತ್ರಿ ಹೊತ್ತು ಇದನ್ನೇ ಕೇಳಿಕೊಳ್ಳುತ್ತೇನೆ. ನಾನೂ ಬಳಸುತ್ತೇನೆ. ಸುಳ್ಳು ಹೇಳುವುದಿಲ್ಲ, ಮೊದಲು ಎರಡು ದಿನ ಹಿಡಿಯುತ್ತಿದ್ದ ಕೆಲವು ಕೆಲಸ ಈಗ ಮಧ್ಯಾಹ್ನದ ಊಟದೊಳಗೆ ಮುಗಿಯುತ್ತವೆ.

ಆದರೆ ಅದೇ ಮಂಡಿಯ ಕತೆ ಕೇಳು. ಅಡಿಕೆಯಲ್ಲಿ ನಮ್ಮ ಕಡೆ ಸರಕು, ಬೆಟ್ಟೆ, ರಾಶಿ, ಗೊರಬಲು ಅಂತ ಬಗೆಗಳು. ಒಂದೊಂದಕ್ಕೂ ಕ್ವಿಂಟಲ್‌ಗೆ ಬೇರೆ ಬೇರೆ ದರ. ಓದು ಬಾರದ ಬೆಳೆಗಾರರಿಗೂ ಗೊತ್ತಾಗಲಿ ಅಂತ ಪ್ರತಿ ಬಗೆಯ ಪಕ್ಕದಲ್ಲಿ ಒಂದು ಚಿತ್ರ ಬೇಕಿತ್ತು. ನಾನು ಅವಸರದಲ್ಲಿ ಹೆಸರುಗಳನ್ನು ಕೊಟ್ಟು, ಚಿತ್ರ ಮಾಡಿಕೊಡು ಎಂದು ಎಐಗೆ ಹೇಳಿ ಚಹಾ ಕುಡಿಯಲು ಹೋದೆ. ಬಂದು ನೋಡದೆ ಹಾಗೆಯೇ ಸೇರಿಸಿದೆ, ತಪ್ಪು ನನ್ನದೇ. ಮರುದಿನ ಮಂಡಿಯಲ್ಲಿ ಯಜಮಾನರು ಕನ್ನಡಕ ಏರಿಸಿ ಫೋನ್ ನೋಡಿದರು. ಬೆಟ್ಟೆಯ ಪಕ್ಕದಲ್ಲಿ ಹಿಮ ಮುಚ್ಚಿದ ಬೆಟ್ಟ. ರಾಶಿಯ ಪಕ್ಕದಲ್ಲಿ ಬಾಯಿ ತೆರೆದ ಸಿಂಹ, ಸುತ್ತ ಹನ್ನೆರಡು ಮನೆಯ ಚಕ್ರ. ಅವರು ಬಹಳ ಹೊತ್ತು ಏನೂ ಹೇಳಲಿಲ್ಲ. ಆಮೇಲೆ ಗುಮಾಸ್ತರನ್ನು ಕರೆದು, "ನೋಡಿ, ನಮ್ಮ ಅಡಿಕೆದು ಸಿಂಹ ರಾಶಿ ಅಂತೆ. ನಕ್ಷತ್ರ ಯಾವುದು ಅಂತ ಮಾಣಿ ನಾಳೆ ಹೇಳ್ತಾನೆ" ಎಂದರು. ಗೊರಬಲಿಗೆ ಏನು ಚಿತ್ರ ಬಂದಿತ್ತು ಅಂತ ಕೇಳಬೇಡ, ಅದನ್ನು ನಾನೇ ಅಳಿಸಿಬಿಟ್ಟೆ.

ಕೊನೆಗೆ ಗುಮಾಸ್ತರೇ ನಾಲ್ಕು ಬಗೆಯ ಅಡಿಕೆಯನ್ನೂ ಒಂದೊಂದು ಹಿಡಿ ತಂದು ಬಿಳಿ ಪಂಚೆಯ ಮೇಲೆ ಹರಡಿದರು. ಕಿಟಕಿಯ ಬೆಳಕಿನಲ್ಲಿ ನನ್ನ ಫೋನಿನಲ್ಲೇ ಫೋಟೋ ತೆಗೆದೆ. ಇವತ್ತಿಗೂ ಆಪಿನಲ್ಲಿ ಅವೇ ಇವೆ, ಒಂದು ಫೋಟೋದ ಮೂಲೆಯಲ್ಲಿ ಅವರ ಹೆಬ್ಬೆರಳು ಕಾಣುತ್ತದೆ. ಕತ್ತರಿಸಲು ಮನಸ್ಸು ಬರಲಿಲ್ಲ.

ಆ ಮಂಡಿಯಲ್ಲಿ ನಾನು ಕೋಡ್ ಬರೆದದ್ದು ಐದು ವಾರ. ಅದಕ್ಕೆ ಮೊದಲು ಎರಡು ವಾರ ಸುಮ್ಮನೆ ಗುಮಾಸ್ತರ ಪಕ್ಕ ಕೂತಿದ್ದೆ. ತೂಕದ ಚೀಟಿ ಹೇಗೆ ಬರೆಯುತ್ತಾರೆ, ಹಮಾಲಿ ಯಾವಾಗ ಕಳೆಯುತ್ತಾರೆ, ಮುಂಗಡದ ಬಾಕಿಯನ್ನು ಎಲ್ಲಿ ಗುರುತು ಹಾಕುತ್ತಾರೆ, ಯಾರ ಹೆಸರಿನ ಮುಂದೆ ಮಾತ್ರ ಪೆನ್ಸಿಲ್ಲಿನಲ್ಲಿ ಒಂದು ಸಣ್ಣ ಅಡ್ಡಗೆರೆ ಇರುತ್ತದೆ, ಎಲ್ಲಾ ನೋಡುತ್ತಾ. (ಅಡ್ಡಗೆರೆ ಅಂದರೆ "ಇವರಿಗೆ ಇನ್ನು ಕೊಡಬೇಡಿ". ಇದನ್ನು ಯಾರೂ ನನಗೆ ಹೇಳಿರಲಿಲ್ಲ, ಹತ್ತನೇ ದಿನ ಕೇಳಿದ ಮೇಲೆ ನಕ್ಕು ಹೇಳಿದರು.) ನೀವು ನನಗೆ ದುಡ್ಡು ಕೊಡುವುದು ಜಾಸ್ತಿ ಈ ಎರಡು ವಾರಕ್ಕೆ.

ಆಪ್ ಪೂರ್ತಿ ಕನ್ನಡದಲ್ಲಿ ಬೇಕು ಅಂದರೆ ಮಾಡುವವರು ಹಿಂದೆ ಮುಂದೆ ನೋಡುತ್ತಾರೆ. ನೀವು? – ಶಿಕ್ಷಕಿ, ಧಾರವಾಡ

ಮೇಡಂ, ಇದೊಂದು ವಿಷಯಕ್ಕೆ ನಾನು ಸ್ವಲ್ಪ ಜಂಬ ಪಡುತ್ತೇನೆ. ಮಾಡುತ್ತೇನೆ, ಮತ್ತು ಒತ್ತಕ್ಷರ ಕತ್ತರಿಸದೆ ಮಾಡುತ್ತೇನೆ.

ಇಂಗ್ಲಿಷಿಗೆ ಅಂತ ಅಳತೆ ಮಾಡಿದ ಬಟನ್ನಿನಲ್ಲಿ ಕನ್ನಡ ಹಾಕಿದರೆ ಅಕ್ಷರದ ಕಾಲು ಕತ್ತರಿಸಿ ಹೋಗುತ್ತದೆ. ನಮ್ಮ ಒತ್ತುಗಳು ಕೆಳಗೆ ಇಳಿಯುತ್ತವಲ್ಲ, ಅವಕ್ಕೆ ಜಾಗವೇ ಇರುವುದಿಲ್ಲ. "ಒಟ್ಟು ಮೊತ್ತ" ಹೋಗಿ "ಒಟು ಮೊತ" ಆಗುತ್ತದೆ. ಒಂದು ಟ್ಯೂಷನ್ ಆಪಿನಲ್ಲಿ ಮಕ್ಕಳಿಗೆ "ಜಾಣ ಕತ್ತೆ" ಅಂತ ಒಂದು ಪಾಠ ಇಟ್ಟಿದ್ದೆ. ಹಳೇ ಫೋನುಗಳಲ್ಲಿ ಅದು "ಜಾಣ ಕತೆ" ಅಂತ ಕಾಣುತ್ತಿತ್ತು. ಎರಡು ವಾರ ನನಗೂ ಗೊತ್ತಾಗಲಿಲ್ಲ, ಟೀಚರಿಗೂ ಗೊತ್ತಾಗಲಿಲ್ಲ, ಕತೆ ಅಂತಲೇ ಇದ್ದರೂ ಅರ್ಥ ಸರಿಹೋಗುತ್ತದಲ್ಲ! ಎರಡನೇ ಕ್ಲಾಸಿನ ಹುಡುಗಿಯೊಬ್ಬಳು "ಮಿಸ್, ಒತ್ತು ಎಲ್ಲಿ ಹೋಯ್ತು?" ಎಂದು ಕೇಳಿದಳಂತೆ. ಅವಳಿಗೆ ಕೆಲಸ ಕೊಡುವಷ್ಟು ದೊಡ್ಡ ಕಂಪನಿ ನನ್ನದಲ್ಲ, ಚಾಕಲೇಟ್ ಕಳಿಸಿದೆ.

ಇನ್ನೊಂದು ತಮಾಷೆ ಲೆಕ್ಕ. ಯೂನಿಕೋಡ್‌ನಲ್ಲಿ (ಕಂಪ್ಯೂಟರಿನಲ್ಲಿ ಎಲ್ಲಾ ಭಾಷೆಯ ಅಕ್ಷರಕ್ಕೂ ಒಂದೊಂದು ಸಂಖ್ಯೆ ಕೊಡುವ ಪದ್ಧತಿ) "ಕ್ಷ" ಅನ್ನುವುದು ಒಂದಲ್ಲ, ಮೂರು: ಕ, ವಿರಾಮ ಚಿಹ್ನೆ, ಷ. "ಸ್ತ್ರೀ" ಕಣ್ಣಿಗೆ ಒಂದೇ ಅಕ್ಷರ, ಒಳಗೆ ಆರು. ಹೆಸರು ಇಷ್ಟೇ ಉದ್ದ ಇರಬೇಕು ಅಂತ ಇಂಗ್ಲಿಷ್ ಲೆಕ್ಕದಲ್ಲಿ ಮಿತಿ ಹಾಕಿಬಿಟ್ಟರೆ ನಮ್ಮ ಲಕ್ಷ್ಮೀನಾರಾಯಣರು ಅರ್ಧಕ್ಕೇ ನಿಂತುಬಿಡುತ್ತಾರೆ. ಇಂಥದ್ದನ್ನೆಲ್ಲ ನೋಡಿಕೊಳ್ಳುತ್ತೇನೆ.

ನನ್ನ ಕಡೆಯಿಂದ ಒಂದೇ ಬೇಡಿಕೆ. ಪಠ್ಯವನ್ನು ಯೂನಿಕೋಡ್‌ನಲ್ಲಿ ಕೊಡಿ. ಹಳೇ ನುಡಿ ಫಾಂಟಿನಲ್ಲಿ ಟೈಪ್ ಮಾಡಿದ 140 ಪುಟವನ್ನು ಒಬ್ಬರು ಪ್ರೀತಿಯಿಂದ ಕಳಿಸಿದ್ದರು. ಫಾಂಟ್ ತೆಗೆದರೆ ಅದು ಕನ್ನಡವೇ ಅಲ್ಲ, ಇಂಗ್ಲಿಷ್ ಅಕ್ಷರಗಳು ಟೋಪಿ ಹಾಕಿಕೊಂಡು, ಮೀಸೆ ಬಿಟ್ಟುಕೊಂಡು ಸಾಲಾಗಿ ನಿಂತಿರುತ್ತವೆ. ಬದಲಾಯಿಸುವ ಸಾಧನಗಳಿವೆ, ಆದರೆ ಅರ್ಕಾವತ್ತು ಎಲ್ಲಿ ಜಾರಿತು ಅಂತ ಕೂತು ನೋಡಬೇಕು. ನೋಡಿದೆ. ಆ ಬಿಲ್ಲಿನಲ್ಲಿ "ಅರ್ಕಾವತ್ತು, 3 ದಿನ" ಅಂತ ಬೇರೆ ಸಾಲು ಹಾಕಿದ್ದೆ, ಕೊಟ್ಟರು ಪಾಪ.

ಒಂದು ವಾರದಲ್ಲಿ ಪ್ಲೇ ಸ್ಟೋರಿನಲ್ಲಿ ಬರಬೇಕು. ಆಗುತ್ತದಾ? ಜಾತ್ರೆ ಹತ್ತಿರ ಬಂತು. – ಓದುಗರು, ಶಿರಸಿ

ಆಗಲ್ಲ. ನಿಮ್ಮ ಹೆಸರಿನಲ್ಲಿ ಈಗ ಹೊಸದಾಗಿ ವೈಯಕ್ತಿಕ ಖಾತೆ ತೆರೆದರೆ ಮೊದಲು ಕನಿಷ್ಠ 12 ಜನ, 14 ದಿನ ಬಿಡದೆ ಆಪನ್ನು ಪರೀಕ್ಷೆಗೆ ಇಟ್ಟುಕೊಂಡಿರಬೇಕು. 2023ರ ನವೆಂಬರ್ 13ರ ನಂತರ ತೆರೆದ ವೈಯಕ್ತಿಕ ಖಾತೆಗಳಿಗೆ ಈ ನಿಯಮ. ಮೊದಲು 20 ಜನ ಬೇಕಿತ್ತು, ಆಮೇಲೆ ಇಳಿಸಿದರು. ಆ 12 ಜನರಲ್ಲಿ ಇಬ್ಬರು ಹತ್ತನೇ ದಿನ ಪರೀಕ್ಷೆಯಿಂದ ಹೊರಗೆ ಹೋಗಿ ಹತ್ತೇ ಜನ ಉಳಿದರೆ, ಲೆಕ್ಕ ಕೈಕೊಡುತ್ತದೆ. ಹೀಗೆ ಹೊರಗೆ ಹೋಗುವವರು ಯಾವಾಗಲೂ ನಮ್ಮ ಭಾವಂದಿರೇ ಆಗಿರುತ್ತಾರೆ. ಸಂಸ್ಥೆಯ ಹೆಸರಿನ ಖಾತೆಯಾದರೆ ಈ ಕಾಟ ಇಲ್ಲ, ಆದರೆ ಅದಕ್ಕೆ ಬೇರೆ ಕಾಗದಪತ್ರ ಇದೆ.

ಮಾರಿಕಾಂಬಾ ಜಾತ್ರೆ ಎರಡು ವರ್ಷಕ್ಕೊಮ್ಮೆ ಬರುತ್ತದಲ್ಲ, ಮುಂದಿನದಕ್ಕೆ ಈಗಲೇ ಮಾತಾಡೋಣ.

ಐಫೋನಿಗೂ ಬೇಕಾ? – ಓದುಗರು, ಮಡಿಕೇರಿ

ನಿಮ್ಮ ಗಿರಾಕಿಗಳ ಫೋನ್ ನೋಡಿ. ನಮ್ಮ ದೇಶದಲ್ಲಿ ನೂರಕ್ಕೆ ತೊಂಬತ್ತಕ್ಕೂ ಜಾಸ್ತಿ ಫೋನು ಆಂಡ್ರಾಯ್ಡ್. ಗೂಗಲ್‌ಗೆ ಒಂದು ಸಲ 25 ಡಾಲರ್ ಕಟ್ಟಿದರೆ ಮುಗಿಯಿತು, ಆಪಲ್‌ಗೆ ಪ್ರತಿ ವರ್ಷ 99 ಡಾಲರ್. ಹೋಂಸ್ಟೇ ನಡೆಸುವವರಾದರೆ ಬೇಕಾಗಬಹುದು. "ನನ್ನ ಫೋನಿನಲ್ಲಿ ಕಾಣಬೇಕಲ್ಲ" ಅನ್ನುವುದಕ್ಕಾದರೆ ಬೇಡ.

ಆಪ್ ಮುಗಿದ ಮೇಲೂ ವರ್ಷ ವರ್ಷ ದುಡ್ಡು ಕೇಳುತ್ತಾರೆ. ಇದೇನು ಕಂದಾಯವಾ? – ಓದುಗರು, ದಾವಣಗೆರೆ

ಹೆಚ್ಚು ಕಡಿಮೆ. ಆಪ್ ಬೆಣ್ಣೆ ದೋಸೆ ಅಲ್ಲ, ಹೊಯ್ದು ಕೊಟ್ಟರೆ ಮುಗಿಯಿತು ಅನ್ನಲು. ಗೂಗಲ್ ಪ್ರತಿ ವರ್ಷ, ಸಾಮಾನ್ಯವಾಗಿ ಆಗಸ್ಟ್ ಕೊನೆಗೆ, ಆಪ್‌ಗಳು ಹೊಸ ಆಂಡ್ರಾಯ್ಡ್‌ಗೆ ಹೊಂದಿಕೊಳ್ಳಬೇಕು ಅಂತ ಗಡುವು ಹಾಕುತ್ತದೆ. ಹೊಂದಿಸದಿದ್ದರೆ ಮುಂದೆ ಅಪ್‌ಡೇಟ್ ಹಾಕಲು ಬಿಡುವುದಿಲ್ಲ, ತೀರಾ ಹಳೆಯದಾದರೆ ಹೊಸ ಫೋನಿನವರಿಗೆ ಸ್ಟೋರಿನಲ್ಲಿ ಕಾಣುವುದೂ ಇಲ್ಲ. ಅದರ ಮೇಲೆ ಸರ್ವರ್ ಬಾಡಿಗೆ, ಎಸ್‌ಎಂಎಸ್ ಖರ್ಚು. ಆಗಸ್ಟ್ ತಿಂಗಳಲ್ಲಿ ನನಗೆ ಫೋನ್ ಮಾಡಿ "ಒಂದು ಸಣ್ಣ ಬದಲಾವಣೆ ಇತ್ತು" ಅನ್ನಬೇಡಿ, ದಯವಿಟ್ಟು. ನಮ್ಮಲ್ಲಿ ಆಗ ಮಳೆ, ಕೊಳೆರೋಗ, ಗೂಗಲ್ ಮೂರೂ ಒಟ್ಟಿಗೆ ಬಂದಿರುತ್ತವೆ.

ದುಡ್ಡಿನ ಬದಲು 50% ಪಾಲು ಕೊಡುತ್ತೇನೆ. ಬರುತ್ತೀರಾ? – ಯುವ ಉದ್ಯಮಿ, ಮೈಸೂರು

ಇಲ್ಲಿಯವರೆಗೆ ನನಗೆ ಸಿಕ್ಕ ಪಾಲುಗಳನ್ನೆಲ್ಲ ಕೂಡಿಸಿದರೆ 260% ಆಗುತ್ತದೆ. ಅದರಲ್ಲಿ ಒಂದು ಸಲ ಮಸಾಲೆ ದೋಸೆ ತಿಂದಿದ್ದೇನೆ, ಅದರ ಬಿಲ್ಲೂ ನಾನೇ ಕೊಟ್ಟೆ.

ದುಡ್ಡು ಕೊಟ್ಟು ಮಾಡಿಸಿದ ಮೇಲೆ ಆಪ್ ನಮ್ಮದೇ ತಾನೇ? – ಓದುಗರು, ಬಳ್ಳಾರಿ

ಎಲ್ಲರೂ ಹಾಗೇ ಅಂದುಕೊಂಡಿರುತ್ತಾರೆ. ಅಲ್ಲ! ಇದನ್ನು ಸ್ವಲ್ಪ ಗಮನ ಕೊಟ್ಟು ಓದಿ, ನನಗೆ ಕೆಲಸ ಕೊಡದಿದ್ದರೂ ಪರವಾಗಿಲ್ಲ.

ನಮ್ಮ 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಕಂಪ್ಯೂಟರ್ ಪ್ರೋಗ್ರಾಮ್ ಒಂದು ಸಾಹಿತ್ಯ ಕೃತಿ. (ಅಂದರೆ ನಾನೂ ಸಾಹಿತಿ. ಸಮ್ಮೇಳನಕ್ಕೆ ಇನ್ನೂ ಯಾರೂ ಕರೆದಿಲ್ಲ.) ಸಂಬಳದ ನೌಕರ ಕೆಲಸದ ಭಾಗವಾಗಿ ಬರೆದರೆ ಅದು ಮಾಲೀಕರದ್ದು. ಆದರೆ ನನ್ನಂಥ ಹೊರಗಿನವನು ಬರೆದರೆ, ಬರಹದಲ್ಲಿ ವರ್ಗಾಯಿಸಿ ಕೊಡುವ ತನಕ ಅದು ನನ್ನದೇ. ನೀವು ಪೂರ್ತಿ ದುಡ್ಡು ಕೊಟ್ಟಿದ್ದರೂ ಅಷ್ಟೇ. ವರ್ಗಾವಣೆ ಪತ್ರದಲ್ಲಿ ಎಷ್ಟು ಕಾಲಕ್ಕೆ ಅಂತ ಬರೆಯದಿದ್ದರೆ ಐದು ವರ್ಷ ಅಂತ, ಎಲ್ಲಿಗೆ ಅಂತ ಬರೆಯದಿದ್ದರೆ ಭಾರತಕ್ಕೆ ಮಾತ್ರ ಅಂತ ಕಾನೂನು ಲೆಕ್ಕ ಹಿಡಿಯುತ್ತದೆ. ಹಾಗಾಗಿ ನಾನು ಕೊನೆಯ ಕಂತು ಬಂದ ದಿನ ಒಂದು ಪುಟದ ಪತ್ರಕ್ಕೆ ಸಹಿ ಹಾಕಿ ಕೊಡುತ್ತೇನೆ: ಇದರ ಪೂರ್ತಿ ಹಕ್ಕು, ಪೂರ್ತಿ ಅವಧಿಗೆ, ಎಲ್ಲಾ ದೇಶಕ್ಕೂ ನಿಮ್ಮದು. ಕೋಡನ್ನೂ ಪೆನ್‌ಡ್ರೈವ್‌ನಲ್ಲಿ ಹಾಕಿ ಕೊಡುತ್ತೇನೆ.

ಇನ್ನೊಂದು. ಪ್ಲೇ ಸ್ಟೋರಿನ ಖಾತೆ ನಿಮ್ಮ ಇಮೇಲಿನಲ್ಲಿ, ನಿಮ್ಮ ಹೆಸರಿನಲ್ಲೇ ಇರಲಿ. ಮಾಡಿದವನ ಖಾತೆಯಲ್ಲಿ ಆಪ್ ಹಾಕಿಸಿ, ಆಮೇಲೆ ಅವನ ಜೊತೆ ಮಾತು ಬಿಟ್ಟು, ನನ್ನ ಹತ್ತಿರ ಬಂದವರು ಮೂವರಿದ್ದಾರೆ. ಮೂವರಿಗೂ ನಾನು ಮೊದಲು ಮಾಡಿಸಿದ ಕೆಲಸ ರಾಜಿ.

ನಿಮ್ಮ ಅತಿ ದೊಡ್ಡ ತಪ್ಪು ಯಾವುದು? ಒಪ್ಪಿಕೊಳ್ಳುವ ಧೈರ್ಯ ಇದೆಯಾ? – ಓದುಗರು, ಉಡುಪಿ

ಇದೆ, ಹೇಗೂ 640 ಜನಕ್ಕೆ ಗೊತ್ತಿದೆ.

ಅದೇ ಟ್ಯೂಷನ್ ಆಪು. ರಾತ್ರಿ 11.40. ಪೋಷಕರಿಗೆ ಹೋಗುವ ಸೂಚನೆ ಸರಿಯಾಗಿ ಹೋಗುತ್ತದಾ ಎಂದು ನನ್ನ ಒಂದು ಫೋನಿಗೆ ಮಾತ್ರ ಕಳಿಸಿ ನೋಡುತ್ತಿದ್ದೆ, ಅಂದರೆ ಹಾಗೆಂದು ನಾನು ತಿಳಿದುಕೊಂಡಿದ್ದೆ. ಏಳನೇ ಸಲ ಏನು ಬರೆಯುವುದು ಅಂತ ಹೊಳೆಯಲಿಲ್ಲ. ಕೆಳಗಿನಿಂದ ಅಮ್ಮ ಏನೋ ಹೇಳಿದ್ದು ಕಿವಿಗೆ ಬಿತ್ತು, ಅದನ್ನೇ ಟೈಪ್ ಮಾಡಿ ಒತ್ತಿದೆ. "ಅಕ್ಕಿ ಹಿಟ್ಟು ಮುಗಿದಿದೆ." ಮೇಜಿನ ಮೇಲಿದ್ದ ಪರೀಕ್ಷೆಯ ಫೋನು ಟಿಂಗ್ ಅಂದಿತು. ಆಮೇಲೆ ಪಕ್ಕದ ಕೋಣೆಯಲ್ಲಿ ಹೆಂಡತಿಯ ಫೋನೂ ಟಿಂಗ್ ಅಂದಿತು. ನಮ್ಮ ಮಗಳೂ ಅದೇ ಟ್ಯೂಷನ್ನಿಗೆ ಹೋಗುತ್ತಾಳೆ. ಆ ಎರಡನೇ ಟಿಂಗ್ ಕೇಳಿದಾಗ ಹೊಟ್ಟೆಯೊಳಗೆ ಏನಾಯಿತು ಅಂತ ಹೇಳಲು ನನ್ನ ಸಾಹಿತ್ಯ ಸಾಲದು.

ಬೆಳಿಗ್ಗೆ ಟೀಚರಿಗೆ ಫೋನುಗಳ ಮೇಲೆ ಫೋನು. ಬೈಯಲು ಅಂತ ತಿಳಿದಿರಾ? ಇಲ್ಲ. "ಮಕ್ಕಳ ಕೈಯಲ್ಲಿ ಎಷ್ಟು ಕೆಜಿ ಕಳಿಸಬೇಕು?" ಎಂದು. ಅವತ್ತು ಒಂಬತ್ತು ಮಕ್ಕಳು ಬ್ಯಾಗಿನಲ್ಲಿ ಅಕ್ಕಿ ಹಿಟ್ಟು ತಂದಿದ್ದರು. ಟೀಚರ್ ಒಳ್ಳೆಯವರು, ವಾಪಸ್ ಕಳಿಸಲಿಲ್ಲ, ರಂಗೋಲಿ ಹಾಕಿಸಿದರು.

ಅಂದಿನಿಂದ ಪರೀಕ್ಷೆಯ ಆಪ್ ಬೇರೆ, ನಿಜವಾದ ಆಪ್ ಬೇರೆ. ಪರೀಕ್ಷೆಯದಕ್ಕೆ ಕೆಂಪು ಬಣ್ಣದ ಗುರುತು. ಎಲ್ಲರಿಗೂ ಸೂಚನೆ ಕಳಿಸುವ ಬಟನ್ ಒತ್ತಿದರೆ "640 ಜನರಿಗೆ ಹೋಗುತ್ತದೆ, ನಿಜವಾಗಿಯೂ ಕಳಿಸಬೇಕಾ?" ಎಂದು ಕೇಳುತ್ತದೆ. ನಿಮ್ಮ ಆಪಿನಲ್ಲೂ ಇದನ್ನು ಹಾಕಿಯೇ ಕೊಡುತ್ತೇನೆ, ಇದಕ್ಕೆ ಬೇರೆ ದುಡ್ಡಿಲ್ಲ.

ಮಗಳಿಗೆ ಒಂದು ಸಂಬಂಧ ಬಂದಿದೆ. ಹುಡುಗ ಫ್ರೀಲ್ಯಾನ್ಸರ್ ಅಂತೆ, ಮನೆಯಲ್ಲೇ ಇರುತ್ತಾನಂತೆ. ಅಂದರೆ ನೌಕರಿ ಇಲ್ಲ ಅಂತಲೇ? – ತಂದೆ, ಚಿತ್ರದುರ್ಗ

ಯಜಮಾನರೇ, ನನ್ನ ಮಾವನವರು ಇವತ್ತಿಗೂ ಇದೇ ಅನುಮಾನದಲ್ಲಿದ್ದಾರೆ. ಹುಡುಗನ ಮೂರು ವರ್ಷದ ಆದಾಯ ತೆರಿಗೆ ರಿಟರ್ನ್ ಕೇಳಿ ನೋಡಿ, ನಾಚಿಕೆ ಪಡಬೇಡಿ. ಆಮೇಲೆ ಅವನ ಹಳೇ ಗಿರಾಕಿಗಳಲ್ಲಿ ಇಬ್ಬರಿಗೆ ಫೋನ್ ಮಾಡಿ, ಹೇಳಿದ ದಿನಕ್ಕೆ ಕೆಲಸ ಕೊಟ್ಟನಾ ಅಂತ ವಿಚಾರಿಸಿ. ಇಬ್ಬರೂ "ಎರಡು ವಾರ ತಡ ಮಾಡಿದ, ಆದರೆ ಮಾಡಿದ" ಅಂದರೆ ಒಳ್ಳೆಯ ಹುಡುಗ. "ಹೇಳಿದ ದಿನಕ್ಕೇ ಕೊಟ್ಟ" ಅಂದರೆ ಅವರಿಬ್ಬರೂ ಅವನ ನೆಂಟರು.

ಸರ್, ನನ್ನ ಫೋನು ಚಾರ್ಜ್ ಆಗುತ್ತಿಲ್ಲ. ಪಿನ್ನು ಅಲ್ಲಾಡಿಸಿ ಹಿಡಿದುಕೊಂಡರೆ ಮಾತ್ರ ಆಗುತ್ತದೆ. ನೀವು ಮೊಬೈಲ್ ಕೆಲಸ ಮಾಡುವವರು ಅಂತ ತಿಳಿಯಿತು. – ಓದುಗರು, ಸೊರಬ

ನಿಮಗೆ ಯಾರು ಹೇಳಿದರು? ಅಮ್ಮನಾ?

ಫೋನ್ ಆಫ್ ಮಾಡಿ. ಚಾರ್ಜರ್ ಸಿಕ್ಕಿಸುವ ತೂತಿಗೆ ಟಾರ್ಚ್ ಹಾಕಿ ನೋಡಿ, ಜೇಬಿನ ನೂಲು, ಧೂಳು ಸೇರಿ ಗಟ್ಟಿಯಾಗಿ ಕೂತಿರುತ್ತದೆ. ಮರದ ಟೂತ್‌ಪಿಕ್‌ನಿಂದ ಮೆಲ್ಲಗೆ ಕೆರೆದು ತೆಗೆಯಿರಿ, ಪಿನ್ನು ಸೂಜಿ ಹಾಕಬೇಡಿ. ಹತ್ತರಲ್ಲಿ ಎಂಟು ಸಲ ಅಷ್ಟಕ್ಕೇ ಸರಿಹೋಗುತ್ತದೆ. ಆಗದಿದ್ದರೆ ಸಾಗರದ ಕಡೆ ಬಂದಾಗ ಮನೆಗೆ ತನ್ನಿ. ಮಧ್ಯಾಹ್ನ ಮೂರರ ಮೇಲೆ ಬನ್ನಿ, ಅದಕ್ಕೆ ಮೊದಲು ಜಗಲಿಯಲ್ಲಿ ಜಾಗ ಇರುವುದಿಲ್ಲ.